ಗೆರೆಗಳ ನಡುವಿನ ಮೂವತ್ತನಾಲ್ಕು ಮನೆ

ಕೋಲು ಹಿಡಿಯುವುದೆಂದರೆ ಸುಮ್ಮನೆ ನಿಲ್ಲುವ ಕೆಲಸ ಎಂದು ಮೇಲಿನವರು ತಿಳಿದಿದ್ದಾರೆ.

ನಾಲ್ಕು ಮೀಟರ್ ಉದ್ದದ ಕೋಲು. ಮೈತುಂಬ ಕೆಂಪು, ಕಪ್ಪು ಪಟ್ಟಿ, ಅಂಕಿ. ಅದನ್ನು ಹೆಗಲಿಗೇರಿಸಿಕೊಂಡು ಕಮರಿಯ ಗೋಡೆ ಇಳಿಯಬೇಕು. ಕಾಲಿಡಲು ಅಂಗೈ ಅಗಲದ ಕಲ್ಲು ಸಿಕ್ಕರೆ ಅದೇ ಪುಣ್ಯ. ನೆಲ ಅಳೆಯುವ ಮೋಜಣಿದಾರ ಆಚೆಯ ಅಂಚಿನಲ್ಲಿ ಛತ್ರಿಯ ಕೆಳಗೆ ಮುಕ್ಕಾಲಿಯ ಮೇಲೆ ಯಂತ್ರ ಹೂಡಿ, ಅದರ ದುರ್ಬೀನಿಗೆ ಕಣ್ಣಿಟ್ಟು ಕೂತಿರುತ್ತಾನೆ. ಎಡಕ್ಕೆ ಅಂದರೆ ಎಡಕ್ಕೆ, ಕೆಳಕ್ಕೆ ಅಂದರೆ ಕೆಳಕ್ಕೆ. ಗಟ್ಟಿ ಕಲ್ಲು ನೋಡಿ ಕೋಲು ನಿಲ್ಲಿಸಬೇಕು. ಕೋಲಿನ ಬೆನ್ನಿಗೆ ಒಂದು ಗಾಜಿನ ಬಿಲ್ಲೆ, ಬಿಲ್ಲೆಯೊಳಗೆ ಒಂದು ಗುಳ್ಳೆ. ಆ ಗುಳ್ಳೆ ನಟ್ಟನಡುವಿಗೆ ಬಂದು ನಿಂತಾಗ ಕೋಲು ನೆಟ್ಟಗಿದೆ ಎಂದರ್ಥ. ಅದು ಅಲ್ಲೇ ಇರುವಂತೆ ಉಸಿರು ಬಿಗಿಹಿಡಿದು ನಿಲ್ಲಬೇಕು. ಗಾಳಿ ಬೀಸಿದರೂ, ನೊಣ ಕಣ್ಣಿನ ಮೇಲೆ ಕೂತರೂ, ಕಾಲಡಿಯ ಕಲ್ಲು ಅಲುಗಿದರೂ. ಮೋಜಣಿದಾರ ಅಂಕಿ ಬರೆದುಕೊಳ್ಳುತ್ತಾನೆ. ಕೈ ಬೀಸುತ್ತಾನೆ. ಮತ್ತೆ ಕೋಲು ಹೆಗಲಿಗೆ.

ಅವಳು ಹದಿನಾರು ವರ್ಷದಿಂದ ಈ ಕೆಲಸದಲ್ಲಿದ್ದಳು. ಮೋಜಣಿ ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಅವಳು ಕೋಲಮ್ಮ. ಆ ಕಚೇರಿಯಲ್ಲಿ ಕೋಲು ಹಿಡಿಯುವವರೆಲ್ಲ ಕಮರಿಯ ತಳದವರೇ ಆಗಿದ್ದರು. ಬೇರೆಯವರನ್ನು ಇಳಿಸಿದರೆ ಮತ್ತೆ ಹತ್ತಿಸಲು ಇವರೇ ಬೇಕಾಗುತ್ತಿತ್ತು. ಉಪಗ್ರಹ ನೋಡಿ ಅಳೆಯುವ ಹೊಸ ಯಂತ್ರ ಬಂದ ವರ್ಷ, ಇನ್ನು ಕೋಲಿನವರಿಗೆ ಕೆಲಸವಿಲ್ಲ ಎಂದು ಗುಮಾಸ್ತ ನಕ್ಕಿದ್ದ. ಕಮರಿಯ ತಳಕ್ಕೆ ಇಳಿಸಿದ ಕೂಡಲೇ ಆ ಯಂತ್ರ ಕುರುಡಾಯಿತು. ಅಲ್ಲಿಂದ ಅದಕ್ಕೆ ಬೇಕಾದಷ್ಟು ಆಕಾಶವೇ ಕಾಣುತ್ತಿರಲಿಲ್ಲ.

ಮೇಲೆ ಬಯಲು. ತಟ್ಟೆಯಂತೆ ಸಪಾಟು. ನಡೆಯುತ್ತ ನಡೆಯುತ್ತ ನೆಲ ಇದ್ದಕ್ಕಿದ್ದಂತೆ ಬಾಯಿ ಬಿಡುತ್ತದೆ. ಒಂದು ಕಮರಿಯಿಂದ ಇನ್ನೊಂದು, ಅದರಿಂದ ಮತ್ತೊಂದು, ಒಣಗಿದ ಎಲೆಯ ನರಗಳ ಹಾಗೆ ಕವಲೊಡೆದು ಹಬ್ಬಿವೆ. ದೊಡ್ಡ ಕಮರಿಯ ಪಡುಗೋಡೆಯನ್ನು ಹೊಳೆ ಯಾವ ಕಾಲದಲ್ಲೋ ಬುಡದಿಂದ ತಿಂದು ಹಾಕಿತ್ತು. ಮೇಲಿನ ಬಂಡೆ ಹಾಗೇ ಮುಂದಕ್ಕೆ ಚಾಚಿಕೊಂಡು ಉಳಿಯಿತು. ಬಂಡೆಯ ಕೆಳಗೆ ಒಂದು ಜಗಲಿ, ಐವತ್ತು ಹೆಜ್ಜೆ ಅಗಲ. ಜಗಲಿಯ ಮೇಲೆ ಸಾಲಾಗಿ ಮೂವತ್ತನಾಲ್ಕು ಮನೆ. ಮನೆಗಳಿಗೆ ಚಾವಣಿ ಇರಲಿಲ್ಲ. ಬಂಡೆಯೇ ಚಾವಣಿ, ಬಂಡೆಯೇ ಹಿಂಗೋಡೆ. ಮುಂದೆ ಮಾತ್ರ ಕಲ್ಲು ಮಣ್ಣಿನ ಗೋಡೆ, ಒಂದು ಬಾಗಿಲು. ಆಕಾಶದಿಂದ ನೋಡುವವರಿಗೆ ಕಾಣಲು ಅಲ್ಲಿ ಏನೂ ಇರಲಿಲ್ಲ.

ಮೊದಲನೆಯ ಮನೆ ಅವಳದು. ಮನೆಯಲ್ಲಿ ಮೂರು ಜನ. ಅಪ್ಪ, ಅವಳು, ತಂಗಿ. ಅವ್ವ ಹೋಗಿ ಬಹಳ ಕಾಲವಾಗಿತ್ತು. ಅವಳ ಗಂಡ ಮೇಲೆ ಹತ್ತಿ ಹೋದವನು ಮತ್ತೆ ಇಳಿಯಲಿಲ್ಲ. ಇಳಿಯುತ್ತಾನೆಂದು ಅವಳೂ ಕಾಯಲಿಲ್ಲ. ತಂಗಿ ಮೇಲಿನ ಇಟ್ಟಿಗೆ ಗೂಡಿನಲ್ಲಿ ಇಟ್ಟಿಗೆ ಹೊರುತ್ತಿದ್ದಳು. ಒಂದು ಸಲಕ್ಕೆ ಹದಿನಾಲ್ಕು ಇಟ್ಟಿಗೆ ತಲೆ ಮೇಲೆ. ಹದಿನಾಲ್ಕು ಇಟ್ಟಿಗೆ ಹೊತ್ತಾಗಲೂ ಬಾಯಿ ನಿಲ್ಲುತ್ತಿರಲಿಲ್ಲ. ಹಾಗಾಗಿ ಊರಿಗೆಲ್ಲ ಅವಳು ವಟವಟಿ.

ಮಳೆಗಾಲದಲ್ಲಿ ಹೊರಗಿನ ಅಳತೆ ನಿಲ್ಲುತ್ತಿತ್ತು. ಆಗ ಕೋಲಮ್ಮ ಕಚೇರಿ ಗುಡಿಸುತ್ತಿದ್ದಳು. ನಕ್ಷೆಗಾರ ವಯಸ್ಸಾದವನು, ದಪ್ಪ ಕನ್ನಡಕದವನು, ಎದುರಿಗೆ ಯಾರಿದ್ದರೂ ಪಾಠ ಹೇಳುವ ಸ್ವಭಾವದವನು. ಒಂದು ದಿನ ಅವಳನ್ನೇ ಕರೆದು ತೋರಿಸಿದ.

"ಈ ಕಂದು ಗೆರೆ ನೋಡು. ಇದರ ಮೇಲೇ ನಡೆದ್ರೆ ಏರೂ ಇಲ್ಲ, ಇಳಿಜಾರೂ ಇಲ್ಲ. ಉದ್ದಕ್ಕೂ ಒಂದೇ ಎತ್ತರ. ಅದಕ್ಕೇ ಇದನ್ನ ಸಮೋನ್ನತಿ ರೇಖೆ ಅಂತಾರೆ. ಒಂದು ಗೆರೆಗೂ ಇನ್ನೊಂದಕ್ಕೂ ಇಪ್ಪತ್ತು ಮೀಟರ್ ಎತ್ತರದ ವ್ಯತ್ಯಾಸ."

"ಹಾಗಾದ್ರೆ ಈ ಗೆರೆ ಮೇಲೆ ಯಾರೂ ನಡೆಯಲ್ಲ ಬಿಡಿ ಸರ್," ಎಂದಳು ಅವಳು. "ನಾವೆಲ್ಲ ಇದನ್ನ ಅಡ್ಡ ದಾಟೋರೇ."

ನಕ್ಷೆಗಾರ ಕನ್ನಡಕ ತೆಗೆದು ನಕ್ಕ. ಅಂದಿನಿಂದ ಅವಳಿಗೆ ಹೇಳಿಕೊಡುತ್ತಾ ಹೋದ. ಅವನು ಕಣ್ಣಿನಿಂದ ಕಲಿಸಿದ್ದನ್ನು ಅವಳು ಕಾಲಿನಿಂದ ಕಲಿತಳು. ಗೆರೆ ದೂರ ದೂರ ಇದ್ದರೆ ಉಸಿರು ಸರಾಗ. ಒತ್ತಾದರೆ ತೊಡೆ ನೋವು. ಗೆರೆಗಳೆಲ್ಲ ಒಂದರ ಮೇಲೊಂದು ಬಿದ್ದು ಒಂದೇ ದಪ್ಪ ಗೀಟಾದರೆ ಅಲ್ಲಿ ಕೈಯನ್ನೂ ಬಳಸಬೇಕು. ಗೆರೆಗಳು ಎತ್ತರದ ಕಡೆಗೆ ಮೂತಿ ಮಾಡಿ ಮಡಿಚಿಕೊಂಡರೆ ಅದು ಕೊರಕಲು. ಅಲ್ಲಿ ನೀರು ಸಿಗಬಹುದು. ಹೊಸದಾಗಿ ಬಂದ ಕಿರಿಯ ಮೋಜಣಿದಾರರಿಗೆ ಹಾಳೆ ತಲೆಕೆಳಗೆ ಹಿಡಿದಿದ್ದೀರಿ ಎಂದು ಹೇಳುವ ಮಟ್ಟಿಗೆ ಅವಳು ಕಲಿತಳು.

ಒಂದು ಹಾಳೆಯನ್ನು ಮಾತ್ರ ಅವಳು ನೋಡಿರಲಿಲ್ಲ. ತನ್ನ ಊರಿನದು. ಅದು ಹಳೆಯ ಹಾಳೆ. ಕಚೇರಿಯಲ್ಲಿದ್ದ ಒಂದೇ ಪ್ರತಿ ದೊಡ್ಡ ಸಾಹೇಬರ ಬೀರುವಿನಲ್ಲಿತ್ತು. ನೋಡಬೇಕೆಂದು ಅವಳಿಗೆ ಅನಿಸಲೂ ಇಲ್ಲ. ಅದರಲ್ಲಿ ಏನಿದೆ ಎಂದು ಅಪ್ಪ ಹೇಳಿಯೇ ಇದ್ದ.

ಅಪ್ಪನೂ ಕೋಲು ಹಿಡಿದವನೇ. ನಲವತ್ತು ವರ್ಷದ ಹಿಂದೆ ಈ ಕಮರಿಯ ಮೊದಲ ಅಳತೆ ನಡೆದಾಗ, ಅಂದಿನ ಮೋಜಣಿದಾರ ಆಚೆ ಅಂಚಿನಿಂದ ಕೂಗಿ, ಗಟ್ಟಿ ಕಲ್ಲಿನ ಮೇಲೆ ನಿಲ್ಲು ಎಂದಿದ್ದ. ಅಪ್ಪನಿಗೆ ಗೊತ್ತಿದ್ದ ಅತಿ ಗಟ್ಟಿ ಕಲ್ಲು ತನ್ನ ಮನೆಯ ಹೊಸ್ತಿಲ ಕಲ್ಲು. ಅಲ್ಲಿ ನಿಂತ. ಬಾಗಿಲಲ್ಲಿ ಕೈಕೂಸು ಎತ್ತಿಕೊಂಡು ಅವ್ವ ನಿಂತಿದ್ದಳು. ಮೋಜಣಿದಾರ ಅಂಕಿ ಬರೆದುಕೊಂಡ. ಸಂಜೆ ಮೇಲೆ ಹತ್ತಿದ ಮೇಲೆ, "ನಿನ್ನ ಹೊಸ್ತಿಲು ನಕ್ಷೆಗೆ ಬಂತು ಕಣಯ್ಯಾ," ಎಂದು ಬೆನ್ನು ತಟ್ಟಿದ. ಆ ಕಾಲದ ದುರ್ಬೀನಿನಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತಿತ್ತಂತೆ. "ನಿನ್ನನ್ನೂ ಬುಡಮೇಲಾಗೇ ನೋಡಿದೆ," ಎಂದು ನಕ್ಕಿದ್ದನಂತೆ.

ಅಪ್ಪ ಆ ಮಾತನ್ನು ನಲವತ್ತು ವರ್ಷ ಎದೆಯಲ್ಲಿಟ್ಟುಕೊಂಡ. ನೆಂಟರಿಗೆ ಹೇಳಿದ. ಹೊಸದಾಗಿ ಬಂದ ಸೊಸೆಯಂದಿರಿಗೆ ಹೇಳಿದ. "ನಮ್ಮೂರು ನಕ್ಷೇಲಿದೆ. ನಮ್ಮ ಹೊಸ್ತಿಲೇ ಇದೆ. ಸರ್ಕಾರಕ್ಕೆ ನಾವು ಗೊತ್ತು."

ಮೇಲಿನ ಅಂಚಿನಲ್ಲಿ ರಸ್ತೆ ಅಗಲ ಮಾಡುವ ಕೆಲಸ ಶುರುವಾದ ವರ್ಷ ಕಲ್ಲು ಬೀಳತೊಡಗಿತು. ಮೊದಲು ಮುಷ್ಟಿಯಷ್ಟು. ಆಮೇಲೆ ತಲೆಯಷ್ಟು. ಸಿಡಿಮದ್ದಿಟ್ಟು ಒಡೆದ ಬಂಡೆಯನ್ನು ದೂರ ಸಾಗಿಸುವ ಬದಲು ಟಿಪ್ಪರುಗಳು ಹಿಮ್ಮುಖವಾಗಿ ಬಂದು ಕಮರಿಗೆ ಸುರಿಯುತ್ತಿದ್ದವು. ಜಗಲಿಯ ತೆಂಕಣ ತುದಿಯಲ್ಲಿ, ಊರಿನ ಒಂದೇ ಒರತೆಯ ಪಕ್ಕದಲ್ಲಿ, ರಾಶಿ ಬೆಳೆಯಿತು.

ಊರಿನವರೆಲ್ಲ ಬಂಡೆಯಡಿ ಸೇರಿದರು. ಕೊನೆಮನೆಯವನು ಎರಡು ಆಡು ಕಳೆದುಕೊಂಡಿದ್ದ.

"ನಡೀರಿ, ಮೇಲೆ ಹೋಗಿ ಎಲ್ಲಾದ್ರೂ ಗುಡಿಸಲು ಹಾಕ್ಕೊಳ್ಳೋಣ," ಎಂದ. "ಇವತ್ತು ಆಡು. ನಾಳೆ ನಾವು."

"ಹೋಗೋರು ಹೋಗಿ," ಎಂದ ಅಪ್ಪ. "ಒಂದೆರಡು ಕಲ್ಲು ತಪ್ಪಿ ಬಿದ್ದಿರಬಹುದು. ನಕ್ಷೇಲಿರೋ ಊರಿನ ಮೇಲೆ ಬೇಕಂತ ಯಾರಾದ್ರೂ ಸುರೀತಾರೇನಯ್ಯಾ? ಅವರ ಹತ್ರ ಹಾಳೆ ಇರುತ್ತೆ. ನೋಡ್ಕೊಂಡೇ ಸುರಿಯೋದು."

"ಅಪ್ಪಾ, ಕಲ್ಲಿಗೆ ನಕ್ಷೆ ಓದೋಕೆ ಬರುತ್ತಾ?" ಎಂದಳು ವಟವಟಿ.

ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಕೊನೆಮನೆಯವನು ಹೊರಡಲು ಕಟ್ಟಿದ್ದ ಗಂಟು ಬಿಚ್ಚಿದ. ಯಾರೂ ಹೋಗಲಿಲ್ಲ.

ಇಪ್ಪತ್ತು ದಿನ ಕಳೆದಿತ್ತು. ಅಪ್ಪನಿಗೆ ಜ್ವರ. ತಂಗಿ ಇಟ್ಟಿಗೆ ಗೂಡಿಗೆ ಹೋಗದೆ ಉಳಿದಳು. ಬೆಳಗಿನ ಹತ್ತು ಗಂಟೆಯ ಹೊತ್ತಿಗೆ ಕೊಡ ಹಿಡಿದು ಒರತೆಗೆ ಹೋದಳು. ಒಂದು ಲೋಡು ಬಿತ್ತು. ಅದರ ಭಾರಕ್ಕೆ ಹಳೆಯ ರಾಶಿ ಪೂರ್ತಿ ಜಾರಿತು. ಸದ್ದು ಕೇಳಿ ಹೊರಗೆ ಬಂದವರಿಗೆ ಧೂಳು ಕಂಡಿತು. ಧೂಳು ಕೂತ ಮೇಲೆ ಒರತೆ ಕಾಣಲಿಲ್ಲ.

ಆ ಹೊತ್ತಿನಲ್ಲಿ ಕೋಲಮ್ಮ ಎರಡು ಕಮರಿಯಾಚೆ ಕೋಲು ಹಿಡಿದು ನಿಂತಿದ್ದಳು. ಗುಳ್ಳೆ ನಡುವಿಗೆ ಬಂದಿತ್ತು. ಉಸಿರು ಹಿಡಿದಿದ್ದಳು.

ಕೈಯಿಂದ ಅಗೆದರು. ಹಾರೆ ಎರಡಿದ್ದವು, ಬುಟ್ಟಿ ಒಂಬತ್ತು. ಮಣ್ಣೆತ್ತುವ ಯಂತ್ರ ಕಳಿಸಿ ಎಂದು ಮೇಲೆ ಹೋಗಿ ಕೇಳಿದರು. ಕೆಳಗೆ ಯಂತ್ರ ಇಳಿಯುವ ದಾರಿ ಇಲ್ಲ ಎಂದರು. ಅದು ನಿಜವೇ. ಒಂದು ಕಲ್ಲು ತೆಗೆದರೆ ಎರಡು ಜಾರುತ್ತಿತ್ತು. ಕೋಲಮ್ಮನ ಉಗುರು ಮೂರು ಕಿತ್ತುಹೋದವು. ಹೆಂಗಸರು ಬುಟ್ಟಿ ಸಾಗಿಸುತ್ತಾ, ನಡುನಡುವೆ ನಿಂತು ಕಿವಿ ಕೊಡುತ್ತಿದ್ದರು. ಎಂದೂ ಬಾಯಿ ಮುಚ್ಚದವಳು. ಒಂದು ಮಾತೂ ಕೇಳಲಿಲ್ಲ. ನಾಲ್ಕನೆಯ ದಿನ ಚಪ್ಪಟೆಯಾದ ಕೊಡದ ಕಂಠ ಸಿಕ್ಕಿತು. ಮಧ್ಯಾಹ್ನ ಮೇಲೆ ಟಿಪ್ಪರಿನ ಸದ್ದಾಯಿತು. ಸಣ್ಣ ಕಲ್ಲು ಉರುಳಿ ಬಂತು. ಎಲ್ಲರೂ ಬುಟ್ಟಿ ಬಿಟ್ಟು ಓಡಿದರು. ಕೋಲಮ್ಮನನ್ನು ಕೊನೆಮನೆಯವನು ತೋಳು ಹಿಡಿದು ಎಳೆದುಕೊಂಡು ಓಡಿದ. ಅಗೆತ ಅಲ್ಲಿಗೇ ನಿಂತಿತು.

ಮರುದಿನ ಅವಳು ರಸ್ತೆ ಕಚೇರಿಗೆ ಹೋದಳು. ಇಂಜಿನಿಯರ್ ಬರುವವರೆಗೆ ಹೊರಗಿನ ಮೆಟ್ಟಿಲ ಮೇಲೆ ಕೂರಿಸಿದರು. ಮೂರು ಗಂಟೆ. ಒಳಗೆ ಕುರ್ಚಿ ಖಾಲಿ ಇತ್ತು; ಕೂರು ಅನ್ನಲಿಲ್ಲ. ಅಲ್ಲಿನ ಗುಮಾಸ್ತ ಕಡತ ತೆಗೆದು ಓದಿದ.

"ಜನವಸತಿ ಇಲ್ಲದ ಕಮರಿಯಲ್ಲಿ ತ್ಯಾಜ್ಯ ಕಲ್ಲು ವಿಲೇವಾರಿ ಮಾಡಲಾಗಿದೆ. ಪ್ರಾಣಹಾನಿ ಇರುವುದಿಲ್ಲ."

"ಇದನ್ನ ಯಾವಾಗ ಬರೆದ್ರಿ?"

"ಹೋದ ವರ್ಷ."

"ಸತ್ತಿದ್ದು ಮೊನ್ನೆ."

"ನೋಡಮ್ಮಾ," ಎಂದ ಇಂಜಿನಿಯರ್. ಬೈಗುಳದ ದನಿಯಲ್ಲ. ದಣಿದವನ ದನಿ. "ನಿನ್ನ ದುಃಖ ನನಗೂ ಅರ್ಥ ಆಗುತ್ತೆ. ಆದ್ರೆ ಅಲ್ಲಿ ಊರೇ ಇಲ್ವಲ್ಲ. ಇಗೋ, ಸರ್ಕಾರದ ಹಾಳೆ. ಎಲ್ಲಿದೆ ತೋರಿಸು."

ಮೇಜಿನ ಮೇಲೆ ಹಾಳೆ ಬಿಚ್ಚಿದ. ಅವಳು ಬೆರಳು ಚಾಚಿದಳು.

"ಏಯ್, ಮುಟ್ಟಬೇಡ. ಕೈ ನೋಡ್ಕೊಂಡಿದ್ದೀಯಾ? ದೂರದಿಂದ ತೋರಿಸು."

ಅವಳು ಕೈ ಹಿಂದಕ್ಕೆ ಕಟ್ಟಿಕೊಂಡು ಬಗ್ಗಿದಳು. ಹೊಳೆಯ ನೀಲಿ ಗೆರೆ ಹಿಡಿದು ಕಣ್ಣಲ್ಲೇ ನಡೆದಳು. ತಿರುವು ಸಿಕ್ಕಿತು. ಪಡುಗೋಡೆ ಸಿಕ್ಕಿತು. ಅಲ್ಲಿ ಕಂದು ಗೆರೆಗಳೆಲ್ಲ ಒಂದರ ಮೇಲೊಂದು ಬಿದ್ದು ಒಂದೇ ದಪ್ಪ ಗೀಟಾಗಿದ್ದವು. ಚಾಚಿಕೊಂಡ ಬಂಡೆಯನ್ನು ಎತ್ತರದ ಗೆರೆ ಬಿಡಿಸಿ ತೋರಿಸಲಾರದು. ಒಂದೇ ಜಾಗದಲ್ಲಿ ಮೇಲೊಂದು ನೆಲ, ಕೆಳಗೊಂದು ನೆಲ ಇದ್ದರೆ ಹಾಳೆಗೆ ಮೇಲಿನದು ಮಾತ್ರ ಗೊತ್ತು. ಜಗಲಿ ನಾನೂರರ ಗೆರೆಗೂ ನಾನೂರ ಇಪ್ಪತ್ತರ ಗೆರೆಗೂ ನಡುವೆ ಇತ್ತು. ಆ ನಡುವೆ ಹಾಳೆಯಲ್ಲಿ ಕೂದಲೆಳೆಯಷ್ಟೂ ಜಾಗವಿರಲಿಲ್ಲ. ಗೀಟಿನ ಪಕ್ಕದಲ್ಲಿ ಒಂದು ಚುಕ್ಕೆ. ಚುಕ್ಕೆಯ ಮುಂದೆ ೪೧೨.

ಮನೆಗೆ ಹಾಕುವುದು ಕಪ್ಪು ಚೌಕ. ಅಂಕಿಯ ಜೊತೆಗಿನ ಚುಕ್ಕೆ ಎಂದರೆ ಆ ಕಲ್ಲು ಸಮುದ್ರಕ್ಕಿಂತ ಎಷ್ಟು ಎತ್ತರದಲ್ಲಿದೆ ಎಂದು, ಅಷ್ಟೇ. ಇದು ಅವಳಿಗೆ ಹದಿನೈದು ವರ್ಷದಿಂದ ಗೊತ್ತಿತ್ತು. ಬೇರೆ ಹಾಳೆಗಳಲ್ಲಿ ಅಂಥ ನೂರಾರು ಚುಕ್ಕೆಗೆ ಅವಳೇ ಕೋಲು ಹಿಡಿದಿದ್ದಳು. ಅಪ್ಪನ ಹೊಸ್ತಿಲೂ ಅಂಥದ್ದೇ ಚುಕ್ಕೆ ಇರಬಹುದೆಂದು ಒಂದು ದಿನವೂ ಅವಳಿಗೆ ಹೊಳೆದಿರಲಿಲ್ಲ. ನಲವತ್ತು ವರ್ಷದ ಹಿಂದೆ ಒಬ್ಬ ಮನುಷ್ಯ ದುರ್ಬೀನಿನಲ್ಲಿ ಬಾಗಿಲು ನೋಡಿದ್ದ, ಹೆಂಗಸನ್ನು ನೋಡಿದ್ದ, ಕೈಕೂಸನ್ನು ನೋಡಿದ್ದ. ಆ ಕೂಸು ಅವಳೇ. ಕೋಲಿನ ಅಂಕಿಯನ್ನು ಮಾತ್ರ ಬರೆದುಕೊಂಡು ಹೋಗಿದ್ದ.

"ಸಿಕ್ತಾ?" ಎಂದ ಇಂಜಿನಿಯರ್.

ಅವಳು ಹೊರಗೆ ಬಂದಳು.

ಮನೆಗೆ ಬಂದಾಗ ಅಪ್ಪ ಹಾಸಿಗೆಯಿಂದಲೇ ಕೇಳಿದ. "ಹಾಳೆ ನೋಡಿದ್ರಾ ಅವರು?"

"ನೋಡಿದ್ರು."

"ಇತ್ತಲ್ಲ?"

"ಇತ್ತು," ಎಂದಳು.

ಸುಳ್ಳು ಹೇಳಿದವಳು ಅದನ್ನು ನಿಜ ಮಾಡಲು ಹೊರಟಳು. ನಕ್ಷೆಗಾರನ ಹತ್ತಿರ ಹೋದಳು. ಕೂತು ಗೀಚುವವನ ಕೈಯಲ್ಲಿ ಏನೂ ಇಲ್ಲ ಎಂದ ಅವನು. ಈ ವರ್ಷ ಆ ಹಾಳೆಯ ಮರುಮುದ್ರಣವಿದೆ. ಹೊರಗೆ ಅಳತೆಗೆ ಹೋಗುವ ಮೋಜಣಿದಾರ ತನ್ನ ಹಾಳೆಯಲ್ಲಿ ಮನೆ ಗುರುತಿಸಿ ಸಹಿ ಹಾಕಿದರೆ ತಾನು ಅಚ್ಚಿಗೆ ಇಳಿಸುತ್ತೇನೆ ಎಂದ.

ಈಗಿನ ಮೋಜಣಿದಾರ ಮೂವತ್ತು ದಾಟಿರದವನು. ಕೆಟ್ಟವನಲ್ಲ. ಅವಳು ಅವನನ್ನು ಆಚೆ ಅಂಚಿಗೆ ಕರೆದುಕೊಂಡು ಹೋದಳು. ಅಲ್ಲಿಂದ ಬಂಡೆಯಡಿ ನೇರ ಕಾಣುತ್ತದೆ. ಅವನು ದುರ್ಬೀನಿಗೆ ಕಣ್ಣಿಟ್ಟು ಬಹಳ ಹೊತ್ತು ನೋಡಿದ.

"ಅಬ್ಬಾ. ಬಟ್ಟೆ ಒಣಗಿ ಹಾಕಿದಾರೆ," ಎಂದ. ತುಟಿಯಲ್ಲೇ ಎಣಿಸಿದ. "ಮೂವತ್ತನಾಲ್ಕು. ಸರಿಯಾ?"

"ಸರಿ ಸರ್."

ಅವನು ಪೆನ್ಸಿಲಿನಿಂದ ಒಂದೊಂದೇ ಚೌಕ ಬರೆದ. ಅವಳು ಪಕ್ಕದಲ್ಲಿ ನಿಂತು ನೋಡಿದಳು. ಮೊದಲನೆಯ ಚೌಕ ಬಿದ್ದಾಗ ಅವಳು ಕಲ್ಲಿನ ಮೇಲೆ ಕೂತಳು. "ಏನಾಯ್ತು ಕೋಲಮ್ಮ?" ಎಂದ. "ಬಿಸಿಲು ಸರ್," ಎಂದಳು.

ಎರಡು ವಾರದ ಮೇಲೆ, ಅಳತೆ ಇಲ್ಲದ ಒಂದು ದಿನ, ನಕ್ಷೆಗಾರನ ಮೇಜು ಒರೆಸಲು ಹೋದಾಗ ಅದೇ ಹಾಳೆ ಅಲ್ಲಿತ್ತು. ಚೌಕಗಳಿದ್ದ ಕಡೆ ಕಾಗದ ತುಸು ಬೂದಾಗಿ, ಒರಟಾಗಿತ್ತು. ರಬ್ಬರಿನ ಪುಡಿ ಇನ್ನೂ ಅಲ್ಲೇ ಬಿದ್ದಿತ್ತು.

"ಅಳಿಸೋಕೆ ಹೇಳಿದ್ರು," ಎಂದ ನಕ್ಷೆಗಾರ. ಕಿಟಕಿಯ ಕಡೆ ನೋಡುತ್ತಿದ್ದ. "ಮನೆ ತೋರಿಸಿದ್ರೆ ಅಲ್ಲಿ ಕಲ್ಲು ಸುರಿಯೋ ಪರವಾನಗಿ ಬಿದ್ದುಹೋಗುತ್ತೆ. ರಸ್ತೆ ನಿಲ್ಲುತ್ತೆ. ಮೇಲಿಂದ ಫೋನ್ ಬಂತು. ಮೋಜಣಿದಾರ ಸಹಿ ಹಾಕಲಿಲ್ಲ."

"ಯಾರು ಅಳಿಸಿದ್ದು?"

"ನಾನೇ."

ಅವಳು ರಬ್ಬರಿನ ಪುಡಿಯನ್ನು ಬಟ್ಟೆಯಿಂದ ಒಟ್ಟು ಮಾಡಿದಳು. ಅದು ಅವಳ ಕೆಲಸವೇ ಆಗಿತ್ತು. ಮೇಜು ಒರೆಸಿ ಹೊರಗೆ ಬಂದಳು.

ಅದರ ಮರುದಿನ ಕೆಲಸಕ್ಕೆ ಕರೆದರು. ಎಲ್ಲಿಗೆ ಎಂದು ಹೇಳಲಿಲ್ಲ. ಕೋಲು ಕೊಟ್ಟರು, ಸೊಂಟಕ್ಕೆ ವೈರ್‌ಲೆಸ್ ಸಿಕ್ಕಿಸಿದರು. ಪಡುಗೋಡೆಯ ತೆಂಕಣ ದಾರಿಯಲ್ಲಿ ಇಳಿ ಎಂದರು. ಮೋಜಣಿದಾರ ಆಚೆ ಅಂಚಿನಲ್ಲಿದ್ದ. ಅಂದು ಅವನು ಕಣ್ಣಿಗೆ ಕಣ್ಣು ಕೊಡಲಿಲ್ಲ.

"ಇನ್ನೂ ಕೆಳಗೆ," ಎಂದಿತು ವೈರ್‌ಲೆಸ್.

ಇಳಿದಳು.

"ಬಲಕ್ಕೆ. ಇನ್ನೂ ಬಲಕ್ಕೆ. ಮುಂದೆ ಹೋಗು. ಹತ್ತು."

ಕಾಲ ಕೆಳಗೆ ಕಲ್ಲು ಸಡಿಲವಾಯಿತು. ಅದು ಕಮರಿಯ ಕಲ್ಲಲ್ಲ. ಒಂದೊಂದರ ಮೈಯಲ್ಲೂ ಸಿಡಿಮದ್ದಿನ ತೂತಿನ ಅರ್ಧ ಉಳಿದಿತ್ತು. ಅವಳು ರಾಶಿಯ ಮೇಲೆ ನಿಂತಿದ್ದಳು.

"ಇಲ್ಲಿ ಏನು ಅಳೀಬೇಕು ಸರ್?"

"ರಾಶಿಯ ಎತ್ತರ. ಇನ್ನೂ ಎಷ್ಟು ಸುರೀಬಹುದು ಅಂತ ಲೆಕ್ಕ ಕೇಳಿದಾರೆ. ಆರೇ ಆರು ಕಡೆ ನಿಲ್ಲಿಸು, ಸಾಕು. ಬೇಗ ಮುಗಿಸೋಣ."

"ಸರ್, ಈ ಕೆಳಗೆ ನನ್ನ ತಂಗಿ ಇದಾಳೆ."

"ಗೊತ್ತು ಕಣಮ್ಮಾ."

"ಗೊತ್ತಿದ್ದೂ ಹೇಳ್ತಿದ್ದೀರಾ?"

"ನಾನೇನು ಮಾಡ್ಲಿ ಹೇಳು? ನನಗೂ ಮೇಲಿನವರಿದಾರೆ. ಕೋಲು ನಿಲ್ಲಿಸು."

ಹದಿನಾರು ವರ್ಷದ ಅಭ್ಯಾಸ. ಕೈ ತಾನೇ ಕೋಲು ಎತ್ತಿತು. ಬುಡ ಕಲ್ಲಿಗೆ ತಾಗಿತು. ಗುಳ್ಳೆ ಅಲುಗಾಡುತ್ತಾ ನಡುವಿನ ಕಡೆಗೆ ಬಂತು. ಇನ್ನು ಉಸಿರು ಹಿಡಿದರೆ ಆಯಿತು. ತಂಗಿಯ ಮೇಲೆ ಎಷ್ಟು ಮೀಟರ್ ಕಲ್ಲಿದೆ ಎಂದು ಆಚೆಯವನು ಓದಿ ಬರೆದುಕೊಳ್ಳುತ್ತಾನೆ.

ಅವಳು ಕೋಲನ್ನು ಕೆಳಗೆ ಮಲಗಿಸಿದಳು. ಬಿಸಾಡಲಿಲ್ಲ. ಉದ್ದಕ್ಕೆ, ಮೆಲ್ಲಗೆ ಮಲಗಿಸಿದಳು.

"ಕೋಲಮ್ಮ, ಕೋಲು ಕಾಣ್ತಿಲ್ಲ. ಎತ್ತು."

"ಎತ್ತಲ್ಲ."

"ಏನಂದೆ?"

"ಎತ್ತಲ್ಲ ಅಂದೆ. ಮೊದಲು ಅವಳನ್ನ ಎತ್ತಿ. ಆಮೇಲೆ ಕೋಲು ಎತ್ತೋಣ."

"ಕೆಲಸ ಹೋಗುತ್ತಮ್ಮಾ."

"ಹೋಗ್ಲಿ."

"ನೀನು ಹಿಡೀದೇ ಇದ್ರೆ ಇನ್ನೊಬ್ಬರು ಹಿಡೀತಾರೆ."

"ಯಾರು? ಕೋಲು ಹಿಡಿಯೋರೆಲ್ಲ ಇದೇ ಊರಿನವರು. ಕೇಳಿ ನೋಡಿ. ಇಲ್ಲ, ನೀವೇ ಇಳೀರಿ. ದಾರಿ ನಾನು ತೋರಿಸ್ತೀನಿ."

ವೈರ್‌ಲೆಸ್ ಸಣ್ಣ ದನಿಯಲ್ಲಿ ಹೇಳಿತು. "ಬೇಡ ಬಿಡು. ಸುತ್ತಲಿನ ಅಂಕಿ ಇಟ್ಕೊಂಡು ಕಚೇರೀಲೇ ಅಂದಾಜು ಮಾಡಿ ಗೆರೆ ಎಳೀತೀವಿ."

ಅವಳಿಗೆ ಅದು ಕೋಲಿನಿಂದ ಹೊಡೆದಂತಾಯಿತು. ಅವರಿಗೆ ಅವಳೂ ಬೇಕಾಗಿರಲಿಲ್ಲ. ಬೇಡ ಅಂದರೂ ಗೆರೆ ಬೀಳುತ್ತದೆ. ಹಾಳೆ ತುಂಬುತ್ತದೆ. ಅವಳು ರಾಶಿಯ ಮೇಲೆ ಕೂತು, ಸತ್ತವಳಿಗಾಗಿ ಅಂದು ಮೊದಲ ಸಲ ಅತ್ತಳು. ದುರ್ಬೀನಿನಲ್ಲಿ ನೋಡುತ್ತಿದ್ದವನು ನೋಡಿರಬಹುದು. ನೋಡಲಿ ಎಂದು ಅತ್ತಳು.

ಮಧ್ಯಾಹ್ನ ಮನೆಗೆ ಹೋಗಿ ಅಪ್ಪನ ಮುಂದೆ ಕೂತಳು.

"ಅಪ್ಪಾ, ನಮ್ಮನೆ ನಕ್ಷೇಲಿಲ್ಲ."

"ಅವತ್ತು ಇದೆ ಅಂದೆ?"

"ಸುಳ್ಳು ಹೇಳಿದೆ. ಚುಕ್ಕೆ ಇದೆ. ಅದು ಕಲ್ಲಿನ ಎತ್ತರ. ಮನೆ ಅಲ್ಲ. ಯಾವ ಮನೇನೂ ಇಲ್ಲ. ಯಾವತ್ತೂ ಇರಲಿಲ್ಲ."

ಅಪ್ಪ ಅವಳ ಮುಖವನ್ನೇ ನೋಡಿದ. ಹೊಸ್ತಿಲು ನೋಡಿದ. ಆಮೇಲೆ ಹೇಳಿದ.

"ಹಾಗಾದ್ರೆ ಅವಳನ್ನ ಇಲ್ಲಿ ಉಳಿಸಿಕೊಂಡೋನು ನಾನು."

"ಕಲ್ಲು ಸುರಿದೋರು ಅವರು ಅಪ್ಪಾ."

"ಅದು ಬೇರೆ. ಉಳಿಸಿಕೊಂಡೋನು ನಾನು. ಎಲ್ಲರನ್ನೂ. ಏಳಿಸು ನನ್ನ."

ಅವನ ಮೊಣಕಾಲು ಹೋಗಿ ಆರು ವರ್ಷವಾಗಿತ್ತು. ಅವಳು ಬೆನ್ನಿಗೆ ಹಾಕಿಕೊಂಡಳು. ಅಪ್ಪ ಹೇಳಿದಂತೆ ಮನೆಯಿಂದ ಮನೆಗೆ ಹೋದಳು. ಪ್ರತಿ ಬಾಗಿಲಲ್ಲೂ ಅಪ್ಪ ಅವಳ ಹೆಗಲ ಮೇಲಿಂದ ಅದೇ ಮಾತು ಹೇಳಿದ. "ನಾನು ಹೇಳಿದ್ದು ಸುಳ್ಳು ಕಣಪ್ಪಾ. ಗೊತ್ತಿಲ್ದೆ ಹೇಳಿದೆ. ನಕ್ಷೇಲಿ ನಾವ್ಯಾರೂ ಇಲ್ಲ." ಒಬ್ಬಳು ಬಾಗಿಲು ಹಾಕಿಕೊಂಡಳು. ಒಬ್ಬ, "ಮಗಳನ್ನೇ ಕೊಟ್ಟೆಯಲ್ಲ ತಾತಾ, ನಿನ್ನನ್ನ ಏನಂತ ಬಯ್ಯಲಿ," ಎಂದು ಮುಖ ತಿರುಗಿಸಿದ. ಹನ್ನೊಂದನೆಯ ಮನೆಯ ಹೊತ್ತಿಗೆ ಅಪ್ಪನ ದನಿ ಬಿದ್ದುಹೋಯಿತು. ಆಮೇಲಿನ ಮನೆಗಳಲ್ಲಿ ಅವನು ಕೈ ಮುಗಿದ, ಮಾತು ಅವಳು ಹೇಳಿದಳು. ಕೊನೆಮನೆಯವನು ಎಲ್ಲ ಕೇಳಿ, ಒಳಗೆ ಹೋಗಿ, ಅಪ್ಪನಿಗೆ ಒಂದು ಲೋಟ ನೀರು ತಂದ. ಒರತೆ ಮುಚ್ಚಿಹೋದ ಮೇಲೆ ನೀರೆಂದರೆ ಹೊಳೆಯಿಂದ ಒಂದು ಗಂಟೆ ನಡೆದು ಹೊತ್ತು ತರುವುದು.

"ಈಗ ಏನು ಮಾಡೋಣ ಅಂತೀಯಾ?" ಎಂದು ಅವಳನ್ನು ಕೇಳಿದ.

"ಟಿಪ್ಪರ್ ಹಿಂದಕ್ಕೆ ಬರೋ ಜಾಗ ಗೊತ್ತಲ್ಲ. ಅಲ್ಲಿ ಹೋಗಿ ಕೂರೋಣ."

"ಎಷ್ಟು ಜನ?"

"ಬಾಗಿಲು ಹಾಕ್ಕೊಂಡೋರನ್ನೂ ಕರೆಯೋಣ."

ಮರುದಿನ ಬೆಳಕು ಹರಿದ ಮೇಲೆ ಹತ್ತಿದರು. ನೂರ ಐವತ್ತು ಮೀಟರ್. ಹಾಳೆಯಲ್ಲಿ ಅದು ಒಂದೇ ದಪ್ಪ ಗೀಟು. ಅವಳು ಅಪ್ಪನನ್ನು ಬಟ್ಟೆಯಿಂದ ಬೆನ್ನಿಗೆ ಕಟ್ಟಿಕೊಂಡು, ಎರಡು ಕೈಯೂ ಊರಿ ಹತ್ತಿದಳು. ಮುಕ್ಕಾಲಿ ಹೊತ್ತ ಬೆನ್ನು. ಅದಕ್ಕಿಂತ ಅಪ್ಪ ಹಗುರವಾಗಿದ್ದ. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ. ಹಿಂದೆ ಮಕ್ಕಳು, ಮುದುಕಿಯರು, ಬಸುರಿಯರು. ಬಾಗಿಲು ಹಾಕಿಕೊಂಡವಳೂ ಬಂದಳು.

ಟಿಪ್ಪರು ಹಿಂದಕ್ಕೆ ಬಂತು. ಚಾಲಕ ಕನ್ನಡಿಯಲ್ಲಿ ನೋಡಿ ಬ್ರೇಕು ಹಾಕಿದ. ಅಂಚಿನುದ್ದಕ್ಕೂ ಜನ ಕೂತಿದ್ದರು.

"ಏಳ್ರೀ! ಎಲ್ಲಿಂದ ಬಂದ್ರಿ ನೀವೆಲ್ಲ?"

"ನೀನು ದಿನಾ ಸುರೀತೀಯಲ್ಲ, ಅದರ ಕೆಳಗಿನಿಂದ," ಎಂದಳು ಬಾಗಿಲು ಹಾಕಿಕೊಂಡವಳು.

ಚಾಲಕ ಇಳಿದು ಬಂದು ಅಂಚಿನಿಂದ ಬಗ್ಗಿ ನೋಡಿದ. ಬಂಡೆ ಅಡ್ಡ ಇತ್ತು, ಮನೆ ಒಂದೂ ಕಾಣಲಿಲ್ಲ. ಆದರೂ ಅವನು ವಾಪಸು ಹೋಗಿ ಗಾಡಿಯ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡ. ಅವನ ಹಿಂದೆ ಏಳು ಟಿಪ್ಪರು ನಿಂತವು. ಇಂಜಿನಿಯರ್ ಬಂದ, ಕೂಗಾಡಿದ, ಫೋನು ಮಾಡಿದ. ಮೂರು ಗಂಟೆಗೆ ಪೊಲೀಸ್ ವ್ಯಾನು ಬಂತು. ಸರ್ಕಾರಿ ಕೆಲಸಕ್ಕೆ ಅಡ್ಡಿ ಎಂದು ಕೇಸು. ಒಬ್ಬ ಪೇದೆ ಪುಸ್ತಕ ಬಿಚ್ಚಿಕೊಂಡು ಬಾನೆಟ್ಟಿನ ಮೇಲಿಟ್ಟ. ಮೊದಲ ಸಾಲಿನಲ್ಲಿ ಅವಳೇ ಇದ್ದಳು.

"ಹೆಸರು?"

ಹೇಳಿದಳು.

"ವಾಸ?"

"ಕೆಳಗೆ."

"ಕೆಳಗೆ ಎಲ್ಲಿ? ಕೆಳಗೆ ಊರಿಲ್ಲ."

"ಊರಿಲ್ದೆ ನಾವು ಆಕಾಶದಿಂದ ಉದುರಿದ್ವಾ?" ಎಂದ ಹಿಂದಿನಿಂದ ಕೊನೆಮನೆಯವನು.

ಪೇದೆ 'ವಾಸ' ಎಂಬ ಖಾನೆ ಬಿಟ್ಟು ಮುಂದೆ ಹೋಗಲು ನೋಡಿದ. ವ್ಯಾನಿನೊಳಗಿಂದ ಅವನ ಮೇಲಿನವನು ಕೂಗಿದ. "ವಾಸ ಖಾಲಿ ಬಿಟ್ರೆ ಕೇಸು ನಿಲ್ಲಲ್ಲಯ್ಯಾ. ಅವರು ಏನು ಹೇಳ್ತಾರೋ ಅದನ್ನ ಬರ್ಕೋ."

ಬರೆದುಕೊಂಡ. ದೊಡ್ಡ ಕಮರಿ, ಪಡುಗೋಡೆ, ಬಂಡೆಯ ಕೆಳಗೆ, ಒಂದನೇ ಮನೆ. ಪಕ್ಕದಲ್ಲಿ ನಿಂತಿದ್ದ ಇಂಜಿನಿಯರ್, "ಏನ್ರೀ ಬರೀತಿದ್ದೀರಾ ಅದನ್ನೆಲ್ಲ," ಎಂದ. ಪೇದೆ ತಲೆ ಎತ್ತಲಿಲ್ಲ.

"ಮನೇಲಿ ಎಷ್ಟು ಜನ?"

"ಮೂರು."

ಅವನು ಅವಳನ್ನು ನೋಡಿದ. ಅವಳ ಬೆನ್ನಿನ ಮೇಲಿದ್ದ ಅಪ್ಪನನ್ನು ನೋಡಿದ. "ಇಬ್ಬರೇ ಇದ್ದೀರಲ್ಲ. ಇನ್ನೊಬ್ಬರು?"

"ನನ್ನ ತಂಗಿ."

"ತಪ್ಪಿಸ್ಕೊಂಡ್ಳಾ?"

"ಇಲ್ಲ. ಅಲ್ಲೇ ಇದಾಳೆ."

ಅವಳು ಅಂಚಿನ ಕಡೆ ಕೈ ತೋರಿಸಿದಳು. ಪೇದೆ ಎರಡು ಹೆಜ್ಜೆ ಹೋಗಿ ಬಗ್ಗಿ ನೋಡಿದ. ಕೆಳಗೆ ಒಡೆದ ಕಲ್ಲಿನ ರಾಶಿ ಬಿಸಿಲಿಗೆ ಬೆಳ್ಳಗೆ ಕಾಣುತ್ತಿತ್ತು. ಅವನು ತಿರುಗಿ ಬಂದಾಗ ಪೆನ್ನಿನ ಮುಚ್ಚಳ ಹಾಕಿದ್ದ.

"ಹೋದವರನ್ನ ಲೆಕ್ಕಕ್ಕೆ ಹಾಕೋ ಹಾಗಿಲ್ಲಮ್ಮಾ," ಎಂದ. ದನಿ ತಗ್ಗಿತ್ತು. "ಎರಡು ಅಂತ ಬರ್ಕೋತೀನಿ. ವ್ಯಾನು ಹತ್ತು."

"ಮೂರು ಅಂತ ಬರೀರಿ."

"ಹಾಗೆ ಬರೆಯೋಕಾಗಲ್ಲ."

"ಅವಳು ಸತ್ತಿದ್ದಾಳೆ ಅಂತ ನಿಮ್ಮ ಯಾವ ಕಾಗದದಲ್ಲಿದೆ? ತೋರಿಸಿ, ಎರಡು ಅಂತ ಬರ್ಕೊಳ್ಳಿ."

ಪೇದೆ ಇಂಜಿನಿಯರ್ ಕಡೆ ನೋಡಿದ. ಇಂಜಿನಿಯರ್ ಫೋನು ನೋಡುತ್ತಿದ್ದ. ಹಿಂದೆ ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ಎದ್ದು ನಿಂತರು. ಅಪ್ಪನ ಗದ್ದ ಅವಳ ಹೆಗಲಿಗೆ ಒತ್ತುತ್ತಿತ್ತು. ಅವನ ಕಣ್ಣೀರು ಅವಳ ಕುತ್ತಿಗೆಗೆ ಇಳಿಯುತ್ತಿತ್ತು. ಅವಳು ಒರೆಸಿಕೊಳ್ಳಲಿಲ್ಲ.

ಪೇದೆ ಪೆನ್ನಿನ ಮುಚ್ಚಳ ತೆಗೆದು ಮೂರು ಎಂಬ ಅಂಕಿ ಬರೆಯುವವರೆಗೆ ಅವಳು ವ್ಯಾನು ಹತ್ತಲಿಲ್ಲ.